ಗಿಟಾರಿನ ಮ್ಯಾಲ ತತ್ವಪದ

ಶಿಶುನಾಳ ಷರೀಫ ಸಾಹೇಬರ ಪದಗಳನ್ನು ಗಿಟಾರು, ಡ್ರಮ್ಮು ಇಟ್ಟುಕೊಂಡು ಹಾಡಬಹುದೋ ಹಾಡಬಾರದೋ ಅನ್ನೋ ಮಾತು ನಮ್ಮ ಭಜನಿ ಮಂದಿಯೊಳಗ ಆಗಾಗ ಬರ್ತದ. ಹಿರಿಯರು ಬ್ಯಾಡ ಅಂತಾರ, ಹುಡುಗರು ಯಾಕ ಬ್ಯಾಡ ಅಂತಾರ. ಇಬ್ಬರ ಜಗಳವೂ ವಾದ್ಯದ ಮ್ಯಾಲೇ ಇರ್ತದ, ಪದದ ಮಾತು ಯಾರೂ ತಗಿಯೋದಿಲ್ಲ. ಅದಕ್ಕ ಒಂದು ಆಲ್ಬಮ್ ಹಿಡಿದು ಕೇಳಿ, ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಆಲ್ಬಮ್ ಅಂದರೆ ಒಟ್ಟಿಗೆ ಹೊರಗೆ ತಂದ ಹಾಡುಗಳ ಕಟ್ಟು; ಮೊದಲು ಕ್ಯಾಸೆಟ್ ಇದ್ದವಲ್ಲ, ಹಂಗ. ಮೈಸೂರಿನಲ್ಲಿ ಬೆಳೆದ, ಭರತನಾಟ್ಯ ಕಲಿತ ರಘು ದೀಕ್ಷಿತ್ ಅವರು ಬೆಂಗಳೂರಿನಲ್ಲಿ 'ರಘು ದೀಕ್ಷಿತ್ ಪ್ರಾಜೆಕ್ಟ್' ಅನ್ನೋ ಮೇಳ ಕಟ್ಟಿ 2008ರಲ್ಲಿ ತಮ್ಮ ಮೊದಲ ಆಲ್ಬಮ್ ತಂದರು. ಅದರೊಳಗ ಎಂಟು ಹಾಡು ಅವ. ಎರಡು ಷರೀಫರ ಪದ, ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗಿಯದು. ಉಳಿದವು ಹಿಂದಿ, ಇಂಗ್ಲಿಷಿನವು. ಗಿಟಾರು, ಬೇಸ್ ಗಿಟಾರು, ಡ್ರಮ್ಮು, ಪಿಟೀಲು ಅವರ ವಾದ್ಯಗಳು. ಲುಂಗಿ ಉಟ್ಟು, ಕಾಲಿಗೆ ಗೆಜ್ಜಿ ಕಟ್ಟಿ ಈ ಮೇಳ ಇಂಗ್ಲೆಂಡಿನ ತನಕ ಹೋಗಿ ಕನ್ನಡದ ಪದ ಹಾಡಿ ಬಂದದ.

ಹಿರಿಯರ ಆಕ್ಷೇಪಣೆ ಒಂದೇ: ಮೂಲ ಧಾಟಿ ಕೆಟ್ಟಿತು ಅಂತ. ಆದರೆ ಮೂಲ ಧಾಟಿ ಯಾವುದು? ಷರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಅವರ ದನಿ ಹಿಡಿದಿಟ್ಟ ಯಂತ್ರ ಇಲ್ಲ. ಬಾಯಿಂದ ಬಾಯಿಗೆ ಬಂದದ್ದು ಮಾತ್ರ ನಮ್ಮ ಹತ್ರ ಅದ, ಅದೂ ಊರಿಗೊಂದು ತರ. ಇವತ್ತು ಬಹಳ ಮಂದಿ ಮೂಲ ಅಂತ ಹಾಡೋ ಧಾಟಿ ಸಿ. ಅಶ್ವಥ್ ಅವರದು. 1990ರಲ್ಲಿ ನಾಗಾಭರಣ ಅವರು ತೆಗೆದ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದ ಮ್ಯಾಲ ಆ ಧಾಟಿ ಹಳ್ಳಿ ಹಳ್ಳಿಗೆ ಹೋಯಿತು. ನಮ್ಮ ಭಜನಿಯ ಹಾರ್ಮೋನಿಯಂ ಪೆಟ್ಟಿಗಿ ಸುದ್ದಾ ಪರದೇಶದಿಂದ ಬಂದದ್ದೇ. ಏಕತಾರಿ, ದಮ್ಮಡಿ, ತಾಳದ ಪಕ್ಕದಾಗ ಅದೂ ಬಂದು ಕುಂತಿತು, ನಮ್ಮದಾಯಿತು. ಅಂದಮ್ಯಾಲ ವಾದ್ಯ ಹೊಸದು ಅನ್ನೋ ಕಾರಣಕ್ಕ ಯಾರನ್ನೂ ಹೊರಗೆ ಹಾಕಲಿಕ್ಕೆ ಬರೋದಿಲ್ಲ.

ಹಂಗಾದ್ರ ಒಳ್ಳೇ ಪ್ರಯೋಗ, ಬರೀ ತೋರಿಕಿಯ ಪ್ರಯೋಗ ಹೆಂಗ ಗುರುತು ಹಿಡಿಯೋದು? ಇದಕ್ಕ ದೂರದ ಒಂದು ಉದಾಹರಣೆ ಕೊಡ್ತೀನಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನಿಗಳ ಊರು. ಅಲ್ಲಿ ಟೋನಿ ಐಯೋಮಿ ಅನ್ನೋ ಹುಡುಗ ಕಬ್ಬಿಣದ ತಗಡಿನ ಕಾರ್ಖಾನಿಯಲ್ಲಿ ದುಡಿಯುವಾಗ, ಹದಿನೇಳನೇ ವಯಸ್ಸಿಗೆ, ಬಲಗೈಯ ಎರಡು ಬೆರಳ ತುದಿ ಯಂತ್ರದಾಗ ಕಳಕೊಂಡ. ಅವನು ಎಡಚ, ಗಿಟಾರಿನ ತಂತಿ ಒತ್ತೋ ಕೈ ಅದೇ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಮುಂದ ತಂತಿ ಸಡಿಲು ಬಿಟ್ಟು ಶ್ರುತಿ ಇಳಿಸಿದ. ನೋವಿಗಾಗಿ ಮಾಡಿಕೊಂಡ ಆ ಉಪಾಯದಿಂದ ದನಿ ಭಾರ ಆಯಿತು. ಅವನ ಮೇಳ ಬ್ಲ್ಯಾಕ್ ಸಬ್ಬತ್. ಅವರ ಮೊದಲ ಆಲ್ಬಮ್ 1970ರದು. ಹೆವಿ ಮೆಟಲ್ ಅನ್ನೋ ಸಂಗೀತಕ್ಕ ಅದೇ ಬುನಾದಿ ಅಂತ ಬಹಳ ಮಂದಿ ಹೇಳ್ತಾರ. 1973ರ ತಮ್ಮ ಐದನೇ ಆಲ್ಬಮಿನಾಗ ಅದೇ ಮೇಳ ಪಿಟೀಲಿನ ಗುಂಪು, ಕೀಬೋರ್ಡು ತಂದು ಹೊಸ ಪ್ರಯೋಗ ಮಾಡಿತು. ಆದರೂ ನಡುವೆ ಆ ಭಾರವಾದ ಗಿಟಾರಿನ ದನಿ ಹಂಗೇ ನಿಂತಿತ್ತು. ಹೊಸದು ಬಂದು ಹಳೇದನ್ನ ಹೊರಗೆ ಹಾಕಲಿಲ್ಲ.

ಇದರಿಂದ ನಾನು ತಿಳಕೊಂಡದ್ದು ಇಷ್ಟು. ಪ್ರತಿ ಹಾಡಿಗೂ ಒಂದು ನಡುಗಂಬ ಇರ್ತದ. ಅವರಿಗೆ ಗಿಟಾರಿನ ದನಿಯೇ ನಡುಗಂಬ. ನಮ್ಮ ತತ್ವಪದಕ್ಕ ಮಾತೇ ನಡುಗಂಬ. ಏಕತಾರಿ ಯಾಕ ಒಂದೇ ಸ್ವರ ಹಿಡೀತದ? ಮಾತಿಗೆ ಜಾಗ ಬಿಡಲಿಕ್ಕೆ. ಮುಂದಿನವರು ನುಡಿ ಹೇಳಿದ ಮ್ಯಾಲ ಹಿಂದಿನವರು ಪಲ್ಲವಿ ಎತ್ತತಾರ. ಅಷ್ಟರೊಳಗ ಕೇಳುವವನು ನುಡಿಯ ಅರ್ಥ ನುಂಗಿಕೊಳ್ಳತಾನ. ಕಂಬ ಬಿಟ್ಟು ಏನು ಬದಲು ಮಾಡಿದರೂ ಮನಿ ನಿಲ್ಲತದ.

ಈ ಅಳತಿಯಿಂದ ಆಲ್ಬಮ್ ನೋಡೋಣ. ಗುಡುಗುಡಿಯ ಪದ ಚುರುಕಾಗಿ ಓಡತದ, ಕಾಲು ತಾನೇ ಕುಣೀತದ. ಹಾಡಿದವರ ಉಸಿರು ಗಟ್ಟಿ, ಉಚ್ಚಾರ ಸ್ವಚ್ಛ. ಆದರೆ ಷರೀಫರು ಹೇಳಿದ್ದು ತಂಬಾಕಿನ ಮಾತಲ್ಲ. ಮನಸ್ಸಿನ ಗಂಟು ಬಿಚ್ಚಿ, ಒಳಗಿನ ಮೋಹ ಹೊರಗೆ ತೆಗೆದು ಸುಡು ಅಂತ ಅವರು ಹೇಳ್ತಾರ. ನುಡಿ ಮುಗಿಯೂದರೊಳಗ ವಾದ್ಯ ಎದ್ದು ಬರ್ತದ, ಅರ್ಥಕ್ಕ ಕುಂದರಲಿಕ್ಕೆ ಜಾಗ ಸಿಗೋದಿಲ್ಲ. ಕೇಳಿದ ಹುಡುಗನ ನೆನಪಿನಾಗ ಬರೀ ಹೊಗಿ ಉಳೀತದ. ಚಟ ಬಿಡಿಸೋ ಪದವನ್ನ ಚಟದ ಹಾಡು ಅಂತ ತಿಳಕೊಂಡರೆ ಸಣ್ಣ ನಷ್ಟ ಅಲ್ಲ ಅದು.

ಮಾಳಿಗಿಯ ಪದ ಬ್ಯಾರೆ. ನನ್ನ ಕಿವಿಗೆ ಆಲ್ಬಮಿನ ಗೆಲುವು ಇದೇ. ಮಣ್ಣಿನ ಮಾಳಿಗಿ ಇದ್ದವರಿಗೆ ಗೊತ್ತದ, ಮಳಿಗಾಲ ಬರೂದರೊಳಗ ಮ್ಯಾಲ ಮಣ್ಣು ಹಾಕಿ ತುಳಿಯದಿದ್ದರೆ ನಡುರಾತ್ರಿ ಮೈಮ್ಯಾಲ ನೀರು. ಕತ್ತಲಾಗ ಹತ್ತವರು ಯಾರೂ ಇರೋದಿಲ್ಲ. ಷರೀಫರು ಆ ಸಂಕಟವನ್ನ ಅಜ್ಞಾನದ ಮ್ಯಾಲ ಇಟ್ಟು ಹೇಳಿದರು. ಈ ಪದಕ್ಕ ದೊಡ್ಡ ದನಿ ಒಪ್ಪತದ, ಯಾಕಂದ್ರ ಪದವೇ ಕೂಗಿ ಕರೆಯೋ ಪದ. ಇನ್ನೊಂದು ಮಾತು ಮೆಚ್ಚಬೇಕು: ಪಟ್ಟಣದ ಗಾಯಕರು ಅದನ್ನ ಪುಸ್ತಕದ ಭಾಷೆಗೆ ತಿದ್ದಲಿಲ್ಲ. ಮನಿ ಮನಿಯಾಗೇ ಉಳೀತು, ಮಾಳಿಗಿ ಮಾಳಿಗಿಯಾಗೇ ಉಳೀತು.

ಈ ವಿಚಾರ ನಾರಾಯಣಪೇಟ, ಮಕ್ತಲ್, ಗದ್ವಾಲದ ಕಡಿ ಇರುವ ನಮಗೆ ಹೆಚ್ಚು ಬೇಕು. ಗಡಿ ದಾಟಿದರೆ ರಾಯಚೂರು, ಇತ್ತ ನಾವು ತೆಲಂಗಾಣದವರು. ನಮ್ಮ ಭಜನಿಯೊಳಗ ಕಡಕೋಳ ಮಡಿವಾಳಪ್ಪನವರ ಪದ ಆದಮ್ಯಾಲ ತೆಲುಗಿನ ತತ್ವ ಬರ್ತದ, ಯಾರಿಗೂ ತೊಂದರೆ ಇಲ್ಲ. ಆದರೆ ಮನಿಯಲ್ಲಿ ಕನ್ನಡ ಮಾತಾಡಿ, ಸಾಲಿಯಲ್ಲಿ ತೆಲುಗು ಇಲ್ಲವೇ ಇಂಗ್ಲಿಷು ಓದೋ ಮಕ್ಕಳು ಬಹಳ. ಕನ್ನಡ ಅಕ್ಷರ ಬಾರದ ಮಗುವಿಗೆ ಪದ ಸಿಗೋದು ಕಿವಿಯಿಂದ ಮಾತ್ರ, ಅದೂ ಮೊಬೈಲಿನಿಂದ. ಕಿವಿಗೆ ಮಾತು ಸರಿಯಾಗಿ ಬೀಳದಿದ್ದರೆ ಅದಕ್ಕ ಷರೀಫರೂ ಇಲ್ಲ, ಮಡಿವಾಳಪ್ಪನೂ ಇಲ್ಲ, ಬರೀ ತಾಳ ಅಷ್ಟೇ.

ಅದಕ್ಕ ಈ ಆಲ್ಬಮನ್ನ ಬಾಗಿಲು ಅಂತ ತಿಳೀಬೇಕು. ಬಾಗಿಲಾಗೇ ನಿಂತರೆ ಮನಿ ನೋಡಿದಂಗ ಆಗೋದಿಲ್ಲ. ಮಾಸ್ತರರಿಗೆ ನನ್ನ ವಿನಂತಿ: ಮಾಳಿಗಿಯ ಪದ ಮಕ್ಕಳಿಗೆ ಒಂದು ಸಲ ಕೇಳಿಸಿರಿ, ಆಮ್ಯಾಲ ವಾದ್ಯ ಇಲ್ಲದೆ ಒಂದೊಂದು ನುಡಿ ಓದಿ ಅರ್ಥ ಹೇಳಿರಿ, ತಿರುಗಿ ಇನ್ನೊಂದು ಸಲ ಕೇಳಿಸಿರಿ. ಭಜನಿಯ ಹುಡುಗರಿಗೆ ಹೇಳೋದು: ಪ್ಯಾಡು ತರ್ರಿ, ಗಿಟಾರು ತರ್ರಿ, ಯಾರೂ ಬ್ಯಾಡ ಅನ್ನೋದಿಲ್ಲ. ನುಡಿ ನಡೆದಾಗ ಕೈ ಇಳಿಸ್ರಿ, ಪಲ್ಲವಿ ಬಂದಾಗ ಎತ್ತರಿಸ್ರಿ. ಇಷ್ಟು ಮಾಡಿದರೆ ಹೊಸ ದನಿಯೂ ಇರ್ತದ, ಹಳೇ ಮಾತೂ ಇರ್ತದ.