ಕಸ, ನೆರಳು, ರಸ

‘ಕಸದಿಂದ ರಸ’ ಎಂಬ ಮಾತು ನಮ್ಮಲ್ಲಿ ಬಹಳ ಸವೆದಿದೆ. ಶಾಲೆಯ ವಸ್ತುಪ್ರದರ್ಶನದಲ್ಲಿ ಒಡೆದ ಬಳೆಯ ತೋರಣಕ್ಕೂ ಅದೇ ಮಾತು, ಹಳೆಯ ಡಬ್ಬದಲ್ಲಿ ನೆಟ್ಟ ತುಳಸಿಗೂ ಅದೇ ಮಾತು. ಅಲ್ಲಿ ರಸವೆಂದರೆ ಉಪಯೋಗ ಎಂದಷ್ಟೇ ಅರ್ಥ. ಆದರೆ ಮನೆಯ ಹಳೆ ಸಾಮಾನಿನ ರಾಶಿಗೆ ದೀಪ ಹಿಡಿದು ಗೋಡೆಯ ಮೇಲೆ ಆಕೃತಿಯೊಂದನ್ನು ಮೂಡಿಸುವ ನೆರಳು ಶಿಲ್ಪಗಳು ಈ ಮಾತಿನ ನಿಜಾರ್ಥವನ್ನೇ ಪರೀಕ್ಷೆಗೊಡ್ಡುತ್ತವೆ. ಅಲ್ಲಿ ಹುಟ್ಟುವುದು ರಸವೆ, ಬರಿಯ ಬೆರಗೆ?

ನೆರಳಿಗೆ ಆಳವಿಲ್ಲ, ಅಂಚು ಮಾತ್ರ ಉಂಟು. ಹಿಂದುಮುಂದಾಗಿ ನಿಂತ ಹತ್ತಾರು ವಸ್ತುಗಳು ಒಂದೇ ದೀಪದೆದುರು ಒಂದೇ ಗೆರೆಯಾಗಿ ಕೂಡಿಕೊಳ್ಳುತ್ತವೆ. ದೀಪ ಒಂದು ಗೇಣು ಸರಿದರೆ ಮೂಡಿದ ಮುಖ ಚೆದರಿಹೋಗುತ್ತದೆ. ಕಲೆಯ ಗುಟ್ಟೆಲ್ಲ ಇಷ್ಟೆ.

ಜಪಾನಿನ ಶಿಗೆಯೋ ಫುಕುಡಾ 1987ರಲ್ಲಿ 848 ಚಮಚ, ಮುಳ್ಳುಚಮಚ, ಚಾಕುಗಳನ್ನು ಬೆಸೆದು ಒಂದು ಶಿಲ್ಪವನ್ನು ಮಾಡಿದರು. ನೋಡುವುದಕ್ಕೆ ಲೋಹದ ಪೊದೆ. ಬೆಳಕು ಬಿದ್ದರೆ ಮೋಟಾರ್ ಸೈಕಲ್ಲಿನ ನೆರಳು. ‘ಹೆಲ್ಮೆಟ್ ತೊಟ್ಟು ಊಟ’ ಎಂಬುದು ಅದರ ಹೆಸರು. ಚಮಚಕ್ಕೂ ಸೈಕಲ್ಲಿಗೂ ಇರುವ ನಂಟು ಆ ಹೆಸರಿನ ವಿನೋದದಲ್ಲಿ ಮಾತ್ರ. ಇದು ಚಮತ್ಕಾರ, ಉತ್ತಮ ದರ್ಜೆಯ ಚಮತ್ಕಾರ.

ಇಂಗ್ಲೆಂಡಿನ ಟಿಮ್ ನೋಬಲ್ ಮತ್ತು ಸೂ ವೆಬ್‌ಸ್ಟರ್ ಅವರ 1998ರ ಕೃತಿ ಬೇರೆಯ ಬಗೆಯದು. ಆರು ತಿಂಗಳ ತಮ್ಮದೇ ಕಸವನ್ನು ಅವರು ಗುಡ್ಡೆ ಹಾಕಿದ್ದಾರೆ. ಅದನ್ನು ಕೆದಕುವಂತೆ ಎರಡು ಸತ್ತ ಕಡಲಹಕ್ಕಿಗಳನ್ನು ಗೊಂಬೆಗಳಂತೆ ಇರಿಸಿದ್ದಾರೆ. ಗೋಡೆಯ ಮೇಲೆ ಆ ಇಬ್ಬರದೇ ನೆರಳು: ಬೆನ್ನಿಗೆ ಬೆನ್ನು ಕೊಟ್ಟು, ಒಬ್ಬರು ಮದ್ಯದ ಬಟ್ಟಲು, ಇನ್ನೊಬ್ಬರು ಸಿಗರೇಟು ಹಿಡಿದು ನೆಮ್ಮದಿಯಾಗಿ ಕುಳಿತಿದ್ದಾರೆ. ತಿಂದು ಎಸೆದುದೇ ತಿಂದವರ ರೂಪವಾಗಿದೆ. ನಕ್ಕು ಮುಗಿಸುವಂತಿಲ್ಲ, ನಮ್ಮ ಮನೆಯ ಕಸದ ಬುಟ್ಟಿಗೆ ದೀಪ ಹಿಡಿದರೆ ಯಾರ ಮುಖ ಕಂಡೀತು ಎಂಬ ಅಳುಕು ಹುಟ್ಟುತ್ತದೆ.

ಒಂಬತ್ತನೆಯ ಶತಮಾನದ ಆನಂದವರ್ಧನನ ಒಂದು ವಿವೇಚನೆ ಇಲ್ಲಿ ನೆರವಿಗೆ ಬರುತ್ತದೆ. ದೀಪವು ಗಡಿಗೆಯನ್ನು ಬೆಳಗಿದ ಮೇಲೂ ದೀಪ ಆರುವುದಿಲ್ಲ. ಹಾಗೆಯೇ ವ್ಯಂಗ್ಯಾರ್ಥ ಹೊಳೆದ ಮೇಲೂ ವಾಚ್ಯಾರ್ಥ ಅಳಿಯುವುದಿಲ್ಲ ಎಂಬುದು ಅವನ ಮತ. ನಮ್ಮ ತೊಗಲು ಗೊಂಬೆಯಾಟದಲ್ಲಿ ಗೊಂಬೆ ಪರದೆಯ ಹಿಂದಿರುತ್ತದೆ, ನಾವು ಪರದೆಯನ್ನಷ್ಟೇ ನೋಡುತ್ತೇವೆ. ಈ ಶಿಲ್ಪಗಳಲ್ಲಿ ಪರದೆಯ ಮರೆಯಿಲ್ಲ. ರಾಶಿಯೂ ನೆರಳೂ ಒಟ್ಟಿಗೆ ಕಣ್ಣೆದುರಿಗಿವೆ. ಆದುದರಿಂದ ಎರಡಕ್ಕೂ ಒಂದು ಸಂಬಂಧ ಬೇಕೇ ಬೇಕು.

ಈ ಜಾತಿಯ ಕೃತಿಗಳಿಗೆ ನಾನು ಒಡ್ಡುವ ಒರೆಗಲ್ಲು ಒಂದೇ. ರಾಶಿಯನ್ನು ತೆಗೆದು, ಅದೇ ಆಕಾರಕ್ಕೆ ಕತ್ತರಿಸಿದ ರಟ್ಟನ್ನು ದೀಪದ ಮುಂದೆ ನಿಲ್ಲಿಸಿದರೆ ಏನು ನಷ್ಟವಾಗುತ್ತದೆ? ಖ್ಯಾತನಾಮರೊಬ್ಬರ ಮುಖವನ್ನು ಸಿಕ್ಕಿದ ಡಬ್ಬಗಳಿಂದ ಮೂಡಿಸಿದಲ್ಲಿ, ಮಾಡಿದವರ ತಾಳ್ಮೆಯೊಂದನ್ನು ಬಿಟ್ಟರೆ ಏನೂ ನಷ್ಟವಿಲ್ಲ. ಫುಕುಡಾ ಅವರಲ್ಲಿ ಒಂದು ನಗೆ ನಷ್ಟವಾದೀತು. ನೋಬಲ್, ವೆಬ್‌ಸ್ಟರ್ ಅವರಲ್ಲಿ ರಟ್ಟು ನಿಲ್ಲಿಸಿದರೆ ಉಳಿಯುವುದು ಹಾಯಾಗಿ ಕುಳಿತ ಜೋಡಿಯೊಂದರ ಚಿತ್ರ. ಆ ಹಾಯಿಯ ಬೆಲೆಯೇನೆಂಬುದು ರಾಶಿಯೊಡನೆ ಹೊರಟುಹೋಗುತ್ತದೆ. ಕಸದಿಂದ ರಸ ಎಂಬ ಮಾತನ್ನು ನಾನು ಅಂಥ ಕೃತಿಗೇ ಮೀಸಲಿಡುತ್ತೇನೆ.