ಹಾಳೆ ಟೋಪಿ, ಬಟ್ಟೆಯ ಮುಖಗವಸು: ಮಾಡಿದರೆ ಸಾಲದು, ಅಳೆಯಬೇಕು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಲಾ ವಿಜ್ಞಾನ ವಸ್ತುಪ್ರದರ್ಶನಗಳಿಗೆ ತೀರ್ಪುಗಾರನಾಗಿ ಹೋದಾಗ ಒಂದು ಮಾದರಿ ನನಗೆ ಮತ್ತೆ ಮತ್ತೆ ಎದುರಾಗುತ್ತದೆ. ಮೇಜಿನ ಮೇಲೆ ಅಡಿಕೆ ಹಾಳೆಯ ಟೋಪಿ, ಎರಡು ಪದರದ ಹತ್ತಿ ಬಟ್ಟೆಯ ಮುಖಗವಸು, ಪಕ್ಕದಲ್ಲಿ ಬಣ್ಣದ ಕಾಗದದ ಮೇಲೆ ಬರೆದ ಶೀರ್ಷಿಕೆ: 'ಮನೆಯಲ್ಲೇ ತಯಾರಿಸಿದ ಸುರಕ್ಷಾ ಸಾಧನಗಳು'. ವಿದ್ಯಾರ್ಥಿಗಳು ಮಾಡುವ ವಿಧಾನವನ್ನು ಗಟ್ಟಿಯಾಗಿ ಒಪ್ಪಿಸುತ್ತಾರೆ. 'ಇದು ಯಾವುದರಿಂದ ರಕ್ಷಿಸುತ್ತದೆ, ಎಷ್ಟು ರಕ್ಷಿಸುತ್ತದೆ?' ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ತಪ್ಪು ಆ ಮಕ್ಕಳದಲ್ಲ. ಆ ಪ್ರಶ್ನೆಯನ್ನು ನಾವು ಅಧ್ಯಾಪಕರು ಅವರಿಗೆ ಕಲಿಸಿಲ್ಲ.

ಇಂಥ ಮಾದರಿಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೈಗೆ ಸಿಕ್ಕ ವಸ್ತುವಿನಿಂದ ಬೇಕಾದ್ದನ್ನು ಮಾಡಿಕೊಳ್ಳುವುದು ಮಲೆನಾಡಿನ ಹಳೆಯ ಜಾಣತನ. ಗದ್ದೆ ನೆಟ್ಟಿಗೆ ಗೊರಬು, ಮಳೆಗೆ ಕಂಬಳಿ ಕೊಪ್ಪೆ, ತೋಟಕ್ಕೆ ಹಾಳೆ ಟೋಪಿ. ಇವು ಯಾವ ಪ್ರಯೋಗಾಲಯದಲ್ಲೂ ಹುಟ್ಟಿದವಲ್ಲ, ಆದರೂ ತಲೆಮಾರುಗಳ ಪರೀಕ್ಷೆಯಲ್ಲಿ ಗೆದ್ದಿವೆ. ನನ್ನ ಆಕ್ಷೇಪ ಇರುವುದು 'ಸುರಕ್ಷಾ ಸಾಧನ' ಎಂಬ ಹೆಸರಿನ ಬಗ್ಗೆ. ಅಳತೆ ಇಲ್ಲದೆ ಆ ಹೆಸರು ಕೊಟ್ಟರೆ ಸಾಧನವನ್ನು ಧರಿಸಿದವನಿಗೆ ಧೈರ್ಯ ಬರುತ್ತದೆಯೇ ಹೊರತು ರಕ್ಷಣೆ ಬರುವುದಿಲ್ಲ.

ಯಾವುದರಿಂದ ರಕ್ಷಣೆ?

2020ರ ವಸಂತದಲ್ಲಿ ಕೋವಿಡ್ ಬಂದಾಗ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯೂ ಆರೋಗ್ಯ ಸಚಿವಾಲಯವೂ ಮನೆಯಲ್ಲೇ ಮುಖಗವಸು ಮಾಡಿಕೊಳ್ಳಲು ಸಲಹೆ ನೀಡಿದವು. ಆಗ ಅದು ಸರಿಯಾದ ಸಲಹೆಯೇ. ಆ ಗವಸಿನ ಮುಖ್ಯ ಕೆಲಸ ಧರಿಸಿದವನ ಬಾಯಿಂದ ಹೊರಡುವ ಹನಿಗಳನ್ನು ಹೊರಡುವಲ್ಲೇ ತಡೆಯುವುದು. ಬಾಯಿಯ ಬಳಿ ಹನಿ ದೊಡ್ಡದು, ವೇಗವಾದದ್ದು, ಒದ್ದೆಯಾದದ್ದು. ಸಾಧಾರಣ ಬಟ್ಟೆಯೂ ಅದರಲ್ಲಿ ಬಹುಪಾಲನ್ನು ಹಿಡಿಯುತ್ತದೆ.

ಸಾಂಕ್ರಾಮಿಕ ಇಳಿದ ಮೇಲೆ ಅದೇ ಗವಸು ತೋಟಕ್ಕೆ ಬಂತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವವರು ಮೊದಲು ಮುಖಕ್ಕೆ ಬೈರಾಸು ಸುತ್ತಿಕೊಳ್ಳುತ್ತಿದ್ದರು. ಈಗ ಕೆಲವರು ಈ ಗವಸು ತೊಡುತ್ತಾರೆ. ಆದರೆ ಇಲ್ಲಿ ಅಪಾಯ ಬರುವುದು ಹೊರಗಿನಿಂದ ಒಳಕ್ಕೆ. ದಿಕ್ಕು ತಿರುಗಿದೆ, ಕಣದ ಗಾತ್ರ ಬೇರೆ, ಹೊತ್ತು ಬೇರೆ. ಒಂದು ಕೆಲಸಕ್ಕೆ ಒಗ್ಗಿದ ಸಾಧನ ಇನ್ನೊಂದಕ್ಕೆ ಒಗ್ಗುತ್ತದೆಂದು ನಂಬಲು ಕಾರಣವಿಲ್ಲ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ಹೊತ್ತು 1957ರಿಂದ ವಿಜ್ಞಾನ ಲೋಕಕ್ಕೆ ಪರಿಚಿತವಾದ ಮಂಗನಕಾಯಿಲೆ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜೀವಗಳನ್ನು ತೆಗೆದುಕೊಂಡಿತು. ಅದು ಹರಡುವುದು ಉಣುಗಿನ ಕಡಿತದಿಂದ. ಎಷ್ಟೇ ಒಳ್ಳೆಯ ಮುಖಗವಸು ತೊಟ್ಟು ಕಾಡಿಗೆ ಹೋದರೂ ಉಣುಗು ಕಾಲಿನಿಂದಲೇ ಹತ್ತುತ್ತದೆ. ಅಲ್ಲಿ ಬೇಕಾದ್ದು ಮೈ ಮುಚ್ಚುವ ಉಡುಪು, ಡೆಪಾ ತೈಲ, ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ. ಆದ್ದರಿಂದ ಮೊದಲ ಪ್ರಶ್ನೆ ಯಾವಾಗಲೂ ಅಪಾಯದ್ದು, ಸಾಧನದ್ದಲ್ಲ.

ಹನಿಯ ಲೆಕ್ಕ

ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಧ್ಯಯನ ನಡೆಸಿದ ಕಾಲದಿಂದ ಬೋರ್ಡೋ ಮಿಶ್ರಣ ನಮ್ಮ ತೋಟಗಳ ಜೊತೆಗಿದೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದು ಶೇಕಡಾ 1ರ ಮಿಶ್ರಣ. ಔಷಧಿ ಗೊನೆಗೆ ಅಂಟಿ ಒಣಗಬೇಕಾದ್ದರಿಂದ ಮಳೆ ಬಿಟ್ಟ ಹೊತ್ತು ನೋಡಿ ಹೊಡೆಯುತ್ತಾರೆ.

ಈಗ ಒಂದು ಹನಿಯನ್ನು ಹಿಂಬಾಲಿಸಿ. 100 ಮೈಕ್ರೋಮೀಟರ್ ವ್ಯಾಸದ ಹನಿ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 25 ಸೆಂ.ಮೀ. ವೇಗದಲ್ಲಿ ಇಳಿಯುತ್ತದೆ. 10 ಮೀಟರ್ ಇಳಿಯಲು ಅದಕ್ಕೆ 40 ಸೆಕೆಂಡು ಸಾಕು. 10 ಮೈಕ್ರೋಮೀಟರ್ ಹನಿಯ ವೇಗ ಸೆಕೆಂಡಿಗೆ 3 ಮಿ.ಮೀ. ಮಾತ್ರ. ಅದೇ ದೂರಕ್ಕೆ ಸುಮಾರು 55 ನಿಮಿಷ ಬೇಕು. ಇದು ಸ್ಟೋಕ್ಸ್ ನಿಯಮದ ನೇರ ಫಲ: ವ್ಯಾಸ ಹತ್ತು ಪಟ್ಟು ಇಳಿದರೆ ವೇಗ ಸುಮಾರು ನೂರು ಪಟ್ಟು ಇಳಿಯುತ್ತದೆ. ದೊಡ್ಡ ಹನಿ ಮೈಮೇಲೆ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಸಣ್ಣದು ಗಾಳಿಯಲ್ಲೇ ಉಳಿಯುತ್ತದೆ, ಕಾಣುವುದಿಲ್ಲ.

ಹನಿ ದಾರಿಯಲ್ಲಿ ಒಣಗಲೂಬಹುದು. ಮಿಶ್ರಣದಲ್ಲಿ ಘನವಸ್ತುವಿನ ಗಾತ್ರ ನೂರರಲ್ಲಿ ಒಂದು ಪಾಲು ಎಂದು ಹಿಡಿಯಿರಿ. ನೀರೆಲ್ಲ ಆರಿದರೆ ಗಾತ್ರ ನೂರನೇ ಒಂದಾಗುತ್ತದೆ. ವ್ಯಾಸ ಇಳಿಯುವುದು ಅದರ ಘನಮೂಲದಷ್ಟು, ಅಂದರೆ ಸುಮಾರು ಐದನೇ ಒಂದಕ್ಕೆ. 50 ಮೈಕ್ರೋಮೀಟರ್ ಹನಿ 10 ಮೈಕ್ರೋಮೀಟರಿನ ತಾಮ್ರ-ಸುಣ್ಣದ ಕಣವಾಗುತ್ತದೆ. 20ರ ಹನಿ 4ರ ಕಣವಾಗುತ್ತದೆ. 10ರ ಕಣ ಹೆಚ್ಚಾಗಿ ಮೂಗು ಗಂಟಲಲ್ಲೇ ನಿಲ್ಲುತ್ತದೆ. 4ರ ಕಣ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು.

ಇದು ಬರಿಯ ಊಹೆಯಲ್ಲ. ಬೋರ್ಡೋ ಮಿಶ್ರಣವನ್ನು ವರ್ಷಗಟ್ಟಲೆ ಸಿಂಪಡಿಸಿದ ಪೋರ್ಚುಗಲ್‌ನ ದ್ರಾಕ್ಷಿ ತೋಟದ ಕೆಲಸಗಾರರ ಶ್ವಾಸಕೋಶದಲ್ಲಿ ತಾಮ್ರ ಸೇರಿದ ಗಂಟುಗಳನ್ನು ಪಿಮೆಂಟೆಲ್ ಮತ್ತು ಮಾರ್ಕೆಸ್ ಎಂಬ ವೈದ್ಯರು 1969ರಲ್ಲಿ ವರದಿ ಮಾಡಿದರು. ನಮ್ಮ ತೋಟಗಳಲ್ಲೂ ಹಾಗೇ ಆಗಿದೆ ಎಂದು ಇದರರ್ಥವಲ್ಲ. ಆದರೆ ಬೈರಾಸಿನ ಭರವಸೆಯಲ್ಲಿ ನಿಶ್ಚಿಂತೆಯಿಂದ ಇರುವಂತಿಲ್ಲ ಎಂದಂತೂ ಅರ್ಥ.

ಸಂದಿನ ಲೆಕ್ಕ

ಬಟ್ಟೆ ಕಣವನ್ನು ಜರಡಿಯಂತೆ ತಡೆಯುತ್ತದೆ ಎಂದೇ ಬಹುಪಾಲು ವಿದ್ಯಾರ್ಥಿಗಳು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ದೊಡ್ಡ ಕಣ ಜಡತ್ವದಿಂದಾಗಿ ಗಾಳಿಯ ಜೊತೆ ತಿರುಗಲಾರದೆ ಎಳೆಗೆ ಬಡಿದು ಅಂಟುತ್ತದೆ. ಬಹಳ ಸಣ್ಣ ಕಣ ಬ್ರೌನಿಯನ್ ಚಲನೆಯಿಂದ ಅಲೆದಾಡಿ ಎಳೆಗೆ ತಗಲುತ್ತದೆ. ಇವೆರಡರ ನಡುವಿನ, ಸುಮಾರು 0.3 ಮೈಕ್ರೋಮೀಟರಿನ ಕಣ ತಪ್ಪಿಸಿಕೊಳ್ಳುವುದು ಹೆಚ್ಚು. ಆದ್ದರಿಂದಲೇ ಎನ್-95 ಮುಖಗವಸನ್ನು ಆ ಗಾತ್ರದ ಕಣದಲ್ಲೇ ಪರೀಕ್ಷಿಸುತ್ತಾರೆ. ಅದರ ಎಳೆಗಳಲ್ಲಿ ಸ್ಥಾಯೀ ವಿದ್ಯುದಾವೇಶವೂ ಇರುತ್ತದೆ. ಸಾಬೂನಿನಲ್ಲಿ ತೊಳೆದರೆ ಅದು ಹೋಗುತ್ತದೆ.

ಆದರೆ ಮನೆಯ ಗವಸು ಸೋಲುವುದು ಹೆಚ್ಚಾಗಿ ಬಟ್ಟೆಯಲ್ಲಲ್ಲ, ಅಂಚಿನಲ್ಲಿ. ಲೆಕ್ಕ ಹಾಕಿ ನೋಡಿ. ಕೆಲಸ ಮಾಡುವವನು ಉಸಿರೆಳೆಯುವಾಗ ಸೆಕೆಂಡಿಗೆ 500 ಘನ ಸೆಂ.ಮೀ. ಗಾಳಿ ಒಳಗೆ ಹೋಗುತ್ತದೆಂದೂ, ಅಷ್ಟೂ ಬಟ್ಟೆಯ ಮೂಲಕವೇ ಹೋಗಲು 30 ಪಾಸ್ಕಲ್ ಒತ್ತಡ ವ್ಯತ್ಯಾಸ ಬೇಕೆಂದೂ ಇಟ್ಟುಕೊಳ್ಳಿ. ಮೂಗಿನ ಎರಡೂ ಪಕ್ಕ 5 ಸೆಂ.ಮೀ. ಉದ್ದ, 1 ಮಿ.ಮೀ. ಅಗಲದ ಸಂದು ಉಳಿದಿದೆ. ಒಟ್ಟು 1 ಚದರ ಸೆಂ.ಮೀ. ಈಗ ಒತ್ತಡ ವ್ಯತ್ಯಾಸ ಸುಮಾರು 13 ಪಾಸ್ಕಲ್‌ಗೆ ಇಳಿಯುತ್ತದೆ. ಬರ್ನೂಲಿ ಸೂತ್ರದಂತೆ ಸಂದಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ 4.6 ಮೀಟರ್. ಸಂಕೋಚನಕ್ಕೆ 0.6ರ ಗುಣಕ ಸೇರಿಸಿದರೆ ಸಂದಿನ ಮೂಲಕ ಸುಮಾರು 280 ಘನ ಸೆಂ.ಮೀ., ಬಟ್ಟೆಯ ಮೂಲಕ 220. ಅಂದರೆ ಅರ್ಧಕ್ಕಿಂತ ಹೆಚ್ಚು ಗಾಳಿ ಶೋಧಿಸದೇ ಒಳಗೆ ಬಂತು. ಬಟ್ಟೆ ಶೇಕಡಾ 100ರಷ್ಟು ಶುದ್ಧೀಕರಿಸಿದರೂ ಗವಸಿನ ಸಾಮರ್ಥ್ಯ ಶೇಕಡಾ 44 ಮೀರದು.

ಪದರ ಹೆಚ್ಚಿಸಿದರೆ? ಬಟ್ಟೆಯ ತಡೆ ಹೆಚ್ಚಿ ಇನ್ನಷ್ಟು ಗಾಳಿ ಸಂದಿನ ಕಡೆ ತಿರುಗುತ್ತದೆ. ಬಟ್ಟೆ ಒದ್ದೆಯಾದರೂ ಹಾಗೆಯೇ. ಔಷಧಿ ಹೊಡೆಯುವವನ ಬಟ್ಟೆ ಅರ್ಧ ಗಂಟೆಯಲ್ಲಿ ಒದ್ದೆಯಾಗದೆ ಇರುವುದುಂಟೇ? ಈಚಿನ ವರ್ಷಗಳಲ್ಲಿ ಉದ್ದನೆಯ ದೋಟಿಯಿಂದ ನೆಲದಲ್ಲೇ ನಿಂತು ಹೊಡೆಯುವ ಕ್ರಮ ಬಂದಿದೆ. ಮರ ಹತ್ತುವ ಅಪಾಯ ತಪ್ಪಿತು, ಒಳ್ಳೆಯದೇ. ಆದರೆ ಹೊಡೆಯುವವನು ಸದಾ ಮೇಲಕ್ಕೆ ನೋಡುತ್ತಾನೆ. ಗವಸು ಗದ್ದದಿಂದ ಜಾರುತ್ತದೆ, ಸಿಂಪಡಿಕೆ ಮುಖದ ಮೇಲೇ ಇಳಿಯುತ್ತದೆ. ಕಣ್ಣಿಗೆ ಯಾವ ಗವಸೂ ಇಲ್ಲ. ಮೈಲುತುತ್ತವೂ ಸುಣ್ಣವೂ ಕಣ್ಣಿಗೆ ಕೆಟ್ಟದ್ದೆಂಬುದನ್ನು ಮರೆಯಬೇಡಿ.

ಟೋಪಿಯ ಲೆಕ್ಕ

ಹಾಳೆ ಟೋಪಿ ಬಿಸಿಲನ್ನೂ ಸೋರುವ ಹನಿಯನ್ನೂ ಚೆನ್ನಾಗಿ ತಡೆಯುತ್ತದೆ. ಹಗುರ, ತಂಪು, ಹೊರೆ ಹೊರಲೂ ಅನುಕೂಲ. ಅದನ್ನು 'ಹೆಲ್ಮೆಟ್' ಎಂದಾಗ ಮಾತ್ರ ಕಷ್ಟ. 40 ಗ್ರಾಂ ತೂಕದ ಹಣ್ಣಡಿಕೆ 12 ಮೀಟರ್ ಎತ್ತರದಿಂದ ಬಿದ್ದರೆ ಅದರ ಶಕ್ತಿ ಸುಮಾರು 4.7 ಜೂಲ್. ಅದು 3 ಮಿ.ಮೀ. ದೂರದಲ್ಲಿ ನಿಂತರೆ ಸರಾಸರಿ ಬಲ ಸುಮಾರು 1,570 ನ್ಯೂಟನ್, 3 ಸೆಂ.ಮೀ. ದೂರದಲ್ಲಿ ನಿಂತರೆ 157 ನ್ಯೂಟನ್. ಕಾರ್ಖಾನೆಯ ಹೆಲ್ಮೆಟ್ಟಿನ ಗುಟ್ಟು ಇದೇ. ಗಟ್ಟಿ ಚಿಪ್ಪಿಗಿಂತ ಮುಖ್ಯವಾದದ್ದು ಚಿಪ್ಪಿಗೂ ತಲೆಗೂ ನಡುವೆ ಪಟ್ಟಿಗಳು ಹಿಡಿದಿಟ್ಟ ಅಂತರ. ಹಾಳೆ ಟೋಪಿ ತಲೆಗೆ ಅಂಟಿಕೊಂಡೇ ಕೂರುತ್ತದೆ.

ಯುರೋಪಿನ ಇಎನ್ 397 ಮಾನಕದ ಪರೀಕ್ಷೆಯಲ್ಲಿ 5 ಕಿಲೋ ತೂಕವನ್ನು 1 ಮೀಟರ್ ಎತ್ತರದಿಂದ ಬೀಳಿಸುತ್ತಾರೆ, ಅಂದರೆ 49 ಜೂಲ್. 8 ಕಿಲೋ ಗೊನೆ 12 ಮೀಟರಿನಿಂದ ಬಿದ್ದರೆ 940 ಜೂಲ್. ಆದ್ದರಿಂದ ಯಾವ ಹೆಲ್ಮೆಟ್ಟೂ ಕೊನೆಗಾರ ಮರದಲ್ಲಿರುವಾಗ ಕೆಳಗೆ ನಿಲ್ಲಲು ಪರವಾನಗಿಯಲ್ಲ. ದೂರ ನಿಲ್ಲುವುದೇ ಅಲ್ಲಿನ ಸುರಕ್ಷಾ ಸಾಧನ.

ಕತ್ತಿ ಅದ್ದಿ ನೋಡುವ ಬುದ್ಧಿ

ಹಾಗಾದರೆ ಮಾದರಿ ಮಾಡುವುದೇ ಬೇಡವೇ? ಮಾಡಿ. ಆದರೆ ಪರೀಕ್ಷೆಯನ್ನೂ ಅದೇ ಮೇಜಿನ ಮೇಲೆ ಇಡಿ. ಜೇಡಿಮಣ್ಣಿನ ಉಂಡೆಯ ಮೇಲೆ ಟೋಪಿ ಇಟ್ಟು, ಗೊತ್ತಾದ ಎತ್ತರದಿಂದ ಅಡಿಕೆ ಬೀಳಿಸಿ, ಕುಳಿಯ ಆಳ ಅಳೆಯಿರಿ. ಟೋಪಿ ಇಲ್ಲದೆ, ಟೋಪಿ ಇದ್ದು, ಟೋಪಿಯ ಒಳಗೆ ಪಟ್ಟಿಗಳಿಂದ ಅಂತರ ಕೊಟ್ಟು: ಮೂರು ಅಳತೆ. (ಯಾರ ತಲೆಯ ಮೇಲೂ ಈ ಪ್ರಯೋಗ ಬೇಡ.) ಮುಖಗವಸು ತೊಟ್ಟು ಕನ್ನಡಕ ಹಾಕಿ ಉಸಿರು ಬಿಡಿ. ಗಾಜು ಮಂಜಾದರೆ ಮೂಗಿನ ಬಳಿ ಸಂದು ಇದೆ. ಅಂಚಿಗೆ ಬಗ್ಗುವ ತಂತಿ ಹೊಲಿದು ಮತ್ತೆ ನೋಡಿ. ತಲೆ ಮೇಲೆತ್ತಿ ಇನ್ನೊಮ್ಮೆ ನೋಡಿ. ಫಲಿತಾಂಶ ಚೆನ್ನಾಗಿಲ್ಲದಿದ್ದರೆ ಅದನ್ನೂ ಬರೆಯಿರಿ. ತೋಟದ ಕೆಲಸಕ್ಕೆ ಮಾನಕಕ್ಕೆ ಒಳಪಟ್ಟ ಗವಸು, ಕಣ್ಣಿಗೆ ಕನ್ನಡಕ ಬೇಕೆಂಬ ತೀರ್ಮಾನಕ್ಕೆ ನಿಮ್ಮ ಮಾದರಿಯೇ ಒಯ್ದರೆ ಅದು ಸೋಲಲ್ಲ, ವಿಜ್ಞಾನ.

ಇದು ನಮ್ಮ ರೈತರಿಗೆ ಹೊಸತೂ ಅಲ್ಲ. ಬೋರ್ಡೋ ಮಿಶ್ರಣ ತಯಾರಾದ ಮೇಲೆ ಅವರು ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಮಿಶ್ರಣ ಇನ್ನೂ ಆಮ್ಲೀಯ, ಸುಣ್ಣ ಸಾಲದು ಎಂದರ್ಥ. ಸುಣ್ಣ ಸೇರಿಸಿ ಮತ್ತೆ ಅದ್ದುತ್ತಾರೆ. ಅಡಿಕೆ ಗೊನೆಗೆ ಹಾನಿಯಾಗಬಾರದೆಂದು ಇಷ್ಟು ಎಚ್ಚರ. ಆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವಾಗಲೂ ಸಂದು ಉಳಿಯದಂತೆ ನೋಡಿಕೊಳ್ಳುತ್ತಾರೆ. ಔಷಧಿ ಹೊಡೆಯುವವನ ಮೂಗಿಗೆ, ತಲೆಗೆ ಅಷ್ಟೇ ಎಚ್ಚರ ಸಲ್ಲಬೇಡವೇ? ಮುಂದಿನ ವಸ್ತುಪ್ರದರ್ಶನದಲ್ಲಿ ನಾನು ಹುಡುಕುವುದು ಚೆಂದದ ಟೋಪಿಯನ್ನಲ್ಲ, ಅದರ ಪಕ್ಕದಲ್ಲಿ ಅಳತೆಗಳ ಒಂದು ಪಟ್ಟಿಯನ್ನು.