ನಕ್ಷತ್ರಕ್ಕೆ ತೊಡೆದೇವು ಗೊತ್ತಿಲ್ಲ

ಒಲೆಯ ವಿಷಯದಲ್ಲಿ ಸರ್ಕಾರ ಎಷ್ಟು ದೂರ ಬರಬಹುದು? ಅಮೆರಿಕದ ಜಗಳದಿಂದ ಶುರು ಮಾಡಿದರೆ ಸುಲಭ. 2023ರ ಜನವರಿಯಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಸದಸ್ಯ ರಿಚರ್ಡ್ ಟ್ರಂಕಾ ಜೂನಿಯರ್, ಗ್ಯಾಸ್ ಒಲೆಯನ್ನು ನಿಷೇಧಿಸುವ ದಾರಿಯೂ ತೆರೆದಿದೆ ಎಂಬರ್ಥದ ಮಾತಾಡಿದ್ದೇ ತಡ, ಅರ್ಧ ದೇಶ ಹೊತ್ತಿಕೊಂಡಿತು. ಅಂಥ ಯೋಚನೆಯೇ ಇಲ್ಲ ಎಂದು ಆಯೋಗದ ಅಧ್ಯಕ್ಷರು ತಣ್ಣೀರು ಎರಚಬೇಕಾಯಿತು. ಬರ್ಕ್ಲಿ ನಗರ 2019ರಲ್ಲೇ ಹೊಸ ಕಟ್ಟಡಗಳಿಗೆ ಗ್ಯಾಸ್ ಕೊಳವೆ ಬೇಡ ಎಂದಿತ್ತು. 2023ರಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಅಲ್ಲಿನ ದೂರೆಲ್ಲ ಉರಿಯಿಂದ ಹೊರಡುವ ನೈಟ್ರೋಜನ್ ಡೈಆಕ್ಸೈಡ್ ಮೇಲೆ, ಮಕ್ಕಳ ಉಬ್ಬಸದ ಮೇಲೆ.

ನಮ್ಮಲ್ಲಿ ಸರ್ಕಾರ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಬಹಳ ಕಾಲವಾಯಿತು. ಸಿಲಿಂಡರಿನಲ್ಲಿ ಗ್ಯಾಸ್ 14.2 ಕೆ.ಜಿ. ಎಂದವರು ಅವರು. ಸಬ್ಸಿಡಿ ಸಿಲಿಂಡರು ವರ್ಷಕ್ಕೆ ಆರೇ ಎಂದು 2012ರಲ್ಲಿ ಹೇಳಿ, ಮರುವರ್ಷ ಒಂಬತ್ತು ಮಾಡಿ, 2014ಕ್ಕೆ ಹನ್ನೆರಡಕ್ಕೆ ಏರಿಸಿದವರೂ ಅವರೇ. ಒಲೆಗೆ ಐಎಸ್ 4246 ಎಂಬ ಮಾನಕವಿದೆ. ಉರಿಯ ಶಾಖದಲ್ಲಿ ಕನಿಷ್ಠ ಶೇ. 68ರಷ್ಟು ಪಾತ್ರೆಗೆ ಸೇರಬೇಕು, ಹೊರಡುವ ವಿಷಾನಿಲ ಇಷ್ಟೇ ಇರಬೇಕು ಎಂದು ಅದು ಕಟ್ಟು ಹಾಕಿದೆ. ನನಗೆ ಇದರಲ್ಲಿ ತಕರಾರಿಲ್ಲ. ಗುರುತು ಪರಿಚಯವಿಲ್ಲದ ಒಲೆಯನ್ನು ಅಗ್ಗಕ್ಕೆ ತಂದು, ಬಿರುಕು ಬಿಟ್ಟ ಟ್ಯೂಬ್ ಸಿಕ್ಕಿಸಿ, 'ನಮ್ಮ ಮನೆ, ನಮ್ಮ ಇಷ್ಟ' ಎನ್ನುವವರ ಪಕ್ಷ ನಾನಲ್ಲ.

ನನ್ನ ತಕರಾರು ನಕ್ಷತ್ರದ ಮೇಲೆ. ಇಂಧನ ದಕ್ಷತಾ ಬ್ಯೂರೊ ಒಲೆಗಳಿಗೆ ಕೊಡುವ ನಕ್ಷತ್ರ ನಿಂತಿರುವುದು ಶಾಖದ ಆ ಒಂದು ಲೆಕ್ಕದ ಮೇಲೆ. ಲೆಕ್ಕ ತೆಗೆಯುವುದು ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯಿಸಿ. ಚಪ್ಪಟೆ ತಳ, ಮೇಲೆ ಮುಚ್ಚಳ. ಅಂಥ ಒಲೆ ನೀರು ಚೆನ್ನಾಗಿಯೇ ಕಾಯಿಸುತ್ತದೆ. ಉಳಿದದ್ದನ್ನು ಅಂಬ್ಲಿಗೊಳದ ಕಡೆ ಕೇಳಬೇಕು.

ಅಂಬ್ಲಿಗೊಳ ಜಲಾಶಯದ ಆಸುಪಾಸಿನಲ್ಲಿ ನನಗೆ ಬಳಕೆಯ ಒಂದು ಮನೆಯಿದೆ. ಆಲೆಮನೆಯ ಕಾಲದಲ್ಲಿ ಅಲ್ಲಿ ತೊಡೆದೇವು ಎಂಬ ಸಿಹಿ ತಿಂಡಿ ಎರೆಯುತ್ತಾರೆ. ಕ್ರಮ ಹೀಗೆ: ಮಣ್ಣಿನ ಗಡಿಗೆಯನ್ನು ಬೋರಲು ಹಾಕಿ ಅದರ ಹೊಟ್ಟೆಯೊಳಗೆ ಉರಿ, ಬೆನ್ನಿನ ಮೇಲೆ ಅಕ್ಕಿ ಹಿಟ್ಟು, ಕಬ್ಬಿನ ಹಾಲಿನ ತೆಳು ಸಂಪಣ. ಕೋಲಿಗೆ ಕಟ್ಟಿದ ಬಟ್ಟೆಯನ್ನು ಅದ್ದಿ ಒಂದೇ ಸಲ ಎಳೆಯಬೇಕು. ಗಡಿಗೆ ತುಸು ಹೆಚ್ಚು ಕಾದರೆ ಬಟ್ಟೆಯ ಜೊತೆಗೇ ಹಿಟ್ಟು ಎದ್ದು ಬರುತ್ತದೆ. ಕಡಿಮೆಯಾದರೆ ಅಂಟಿಕೊಂಡು ಹರಿಯುತ್ತದೆ. ಒಣಸೋಗೆ, ಸಣ್ಣ ಚಕ್ಕೆಯ ಉರಿ ಗಡಿಗೆಯ ಒಳಮೈಯನ್ನೆಲ್ಲ ನೆಕ್ಕುತ್ತದೆ. ಗ್ಯಾಸ್ ಒಲೆಯ ಉರಿ ನಡುವಿಗೇ ಗುರಿ ಇಡುತ್ತದೆ.

'ನೀರು ಬೇಗ ಕಾಯ್ತದೆ ಮಾರಾಯ್ರೆ, ಗಡಿಗೆ ಮಾತ್ರ ನೆತ್ತಿ ಸುಡ್ತದೆ, ಬದಿ ತಣ್ಣಗೆ' ಎಂದರು ಆ ಮನೆಯ ಅಮ್ಮ. ಹೊಸ ಒಲೆ, ನಕ್ಷತ್ರವೂ ಇತ್ತು. ಅದಕ್ಕಿಂತ ದೊಡ್ಡ ವಿಷಯ ಅವರು ಹೇಳದೆ ಕೈಯಲ್ಲೇ ಮಾಡಿ ತೋರಿಸಿದ್ದು: ಬರ್ನರಿನ ಸುತ್ತ ಇಟ್ಟಿಗೆ ಇಟ್ಟು ಗಡಿಗೆಯನ್ನು ಎತ್ತರಿಸಿದ್ದರು. ಗ್ಯಾಸ್ ಪೂರ್ತಿ ಉರಿಯಲು ಬರ್ನರಿನ ಸುತ್ತಲಿನ ಗಾಳಿ ಬೇಕು. ಬೋರಲು ಗಡಿಗೆ ಬರ್ನರನ್ನೇ ನುಂಗಿದರೆ ನೀಲಿ ಉರಿ ಹಳದಿಯಾಗುತ್ತದೆ, ಮಸಿ ಕೂರುತ್ತದೆ, ಮೂಗಿಗೆ ಸಿಗದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಇಟ್ಟಿಗೆಯ ಸಂದು ಅದಕ್ಕೆ. ಬೋರಲು ಗಡಿಗೆ ಯಾವ ಪರೀಕ್ಷಾಲಯದ ಮೇಜಿಗೂ ಬಂದಿರಲಾರದು.

ಅಂಬ್ಲಿಗೊಳದ ಕಡೆ ಹೋದಾಗಲೆಲ್ಲ ನನಗೆ ಕೆಳದಿಯ ಬಸವಪ್ಪ ನಾಯಕ ನೆನಪಾಗುತ್ತಾನೆ. 1697ರಿಂದ 1714ರವರೆಗೆ ಆಳಿದವನು. ಆ ಸೀಮೆಯೂ ಅವನ ರಾಜ್ಯದ್ದೇ. ಅವನ 'ಶಿವತತ್ತ್ವರತ್ನಾಕರ' ಒಂಬತ್ತು ಕಲ್ಲೋಲ, 108 ತರಂಗಗಳ ಸಂಸ್ಕೃತ ವಿಶ್ವಕೋಶ. ರಾಜನೀತಿ, ವಂಶಚರಿತ್ರೆಗಳ ಜೊತೆಗೆ ಅಡುಗೆಗೂ ಅದರಲ್ಲಿ ಪಂಕ್ತಿಯಿದೆ. ಒಲೆಯ ಮುಂದೆ ಆಳುವವರಿಗೇನು ಕೆಲಸ ಎನ್ನುವವರು ಆ ಪುಸ್ತಕವನ್ನು ಒಮ್ಮೆ ತಿರುವಲಿ. ಇವತ್ತಿನ ಅಧಿಕಾರಿಗಳೂ ತಿರುವಬಹುದು: ಅಡುಗೆಯನ್ನು ವಿದ್ಯೆ ಎಂದು ತಿಳಿದವನು ಬರೆದದ್ದು ಅದು.

ಕಟ್ಟಿಗೆ ಒಲೆಯ ಭಕ್ತರು ಇಷ್ಟು ಹೊತ್ತಿಗೆ ಚಪ್ಪಾಳೆ ತಟ್ಟುತ್ತಿರಬಹುದು. ನಿಲ್ಲಿಸಿ. ಹೋಂಸ್ಟೇ ಅಂಗಳದಲ್ಲಿ ಹೊಗೆಯ ಘಮ ಮಾರುವವರು ಯಾರೂ ಮಳೆಗಾಲದ ಹಸಿ ಕಟ್ಟಿಗೆಯ ಮುಂದೆ ಊದುಗೊಳವೆ ಹಿಡಿದು ಕೂತವರಲ್ಲ. ಆ ಹೊಗೆಗೆ ಪರಿಹಾರ ಹುಡುಕಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದವರು ಚಿಮಣಿಯಿರುವ ಅಸ್ತ್ರ ಒಲೆ ಮಾಡಿದರು. ಒಳ್ಳೆಯ ಒಲೆ. ಪಾತ್ರೆ ಅದರ ಕುಳಿಗೆ ಸರಿಯಾಗಿ ಕೂರಬೇಕು ಎಂಬುದೇ ಅದರ ಬಲ, ಅದೇ ಅದರ ತೊಡಕು. ಮನೆಯ ಪಾತ್ರೆಗಳು ಒಂದೇ ಅಳತೆಯವಲ್ಲವಲ್ಲ. ಇಂಡಕ್ಷನ್ ಪಂಥದವರ ಜೊತೆ ವಾದವೇ ಬೇಡ. ಅದರ ಮೇಲೆ ಮಣ್ಣಿನ ಗಡಿಗೆ ಬೋರಲು ಹಾಕಿದರೂ ಅಷ್ಟೇ, ಅಂಗಾತ ಇಟ್ಟರೂ ಅಷ್ಟೇ.

ಸರ್ಕಾರಕ್ಕೆ ನಿಯಮ ಮಾಡುವ ಹುಮ್ಮಸ್ಸಿದ್ದರೆ ಕಿಟಕಿಯ ಬಗ್ಗೆ ಮಾಡಲಿ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಕೂರುತ್ತದೆ. ಗೋಡೆಯ ಬುಡದಲ್ಲೊಂದು ಗಾಳಿಕಂಡಿ, ಹೊಗೆಗೆ ಮೇಲೊಂದು ಬೇಕು. ಬಾಡಿಗೆಗೆಂದೇ ಕಟ್ಟಿದ ಎಷ್ಟೋ ಅಡುಗೆಕೋಣೆಗಳಲ್ಲಿ ಎರಡೂ ಇಲ್ಲ. ಇನ್ನೊಂದು: ಮನೆ ಸಿಲಿಂಡರು ವ್ಯಾಪಾರಕ್ಕೆ ಸಲ್ಲದು, ವ್ಯಾಪಾರಕ್ಕೆ 19 ಕೆ.ಜಿ.ಯದು ಬೇರೆ. ಸರಿ. ನೆಂಟರಿಗೆಂದು ಎರೆದ ತೊಡೆದೇವಿನಲ್ಲಿ ನಾಲ್ಕು ಕಟ್ಟು ಪೇಟೆಗೆ ಹೋದರೆ ಅದು ಮನೆಯೋ, ವ್ಯಾಪಾರವೋ? ಇನ್ಸ್‌ಪೆಕ್ಟರರು ಹೇಳುವ ಮೊದಲು ಒಂದು ತಿಂದು ನೋಡಲಿ.

ಯಾವ ಒಲೆ ಕೊಳ್ಳಲಿ ಎಂದು ಪತ್ರ ಬರೆದು ಕಾಯುತ್ತಿರುವವರಿಗೆ: ಐಎಸ್‌ಐ ಗುರುತು ಮೊದಲು, ನಕ್ಷತ್ರ ಆಮೇಲೆ. ಚಿಕ್ಕ ಬರ್ನರನ್ನು ಸಿಮ್‌ಗೆ ಇಳಿಸಿ, ಬಾಗಿಲ ಗಾಳಿಗೆ ಆರುತ್ತದೆಯೋ ನೋಡಿ. ಹೊತ್ತಿಸಿ ತೋರಿಸಲು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ.